371ಜೆ ಸರ್ಟಿಫಿಕೇಟ್ ಮನೆಮನೆಯಲ್ಲಿದೆ. ಐದು ಸಾವಿರ ಕೋಟಿ ಲೆಕ್ಕ ಯಾರ ಹತ್ರ ಇದೆ?

ರಾಯಚೂರು: ಪ್ರಾದೇಶಿಕ ಅಸಮತೋಲನದ ಲೆಕ್ಕವನ್ನು ಹೊಸದಾಗಿ ಹಾಕಲು ರಾಜ್ಯ ಸರ್ಕಾರ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿದಾಗಿನಿಂದ ಜಿಲ್ಲೆಯಲ್ಲಿ ಹಳೇ ಮಾತೊಂದು ಮತ್ತೆ ಓಡಾಡುತ್ತಿದೆ. ನಂಜುಂಡಪ್ಪ ವರದಿಯೇ ಪೂರ್ತಿ ಜಾರಿ ಆಗಲಿಲ್ಲ, ಇನ್ನು ಇದು ಆಗ್ತದಾ ಅಂತ. ಸಂಘಟನೆಗಳ ಸಭೆಯಲ್ಲಿ, ಪತ್ರಿಕಾಗೋಷ್ಠಿಯಲ್ಲಿ, ಬಸ್ ಸ್ಟ್ಯಾಂಡ್ ಹತ್ರದ ಚಹಾ ಅಂಗಡಿಯಲ್ಲೂ ಇದೇ ಮಾತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಯಾರ ಬಾಯಲ್ಲೂ ಬರುತ್ತಿಲ್ಲ: ಎರಡು ದಶಕ ದಾಟಿದರೂ ಆ ವರದಿಯಲ್ಲಿ ತಮ್ಮ ತಾಲೂಕಿನ ಬಗ್ಗೆ ಏನು ಬರೆದಿದೆ ಅಂತ ಈ ಜಿಲ್ಲೆಯ ಎಷ್ಟು ಗ್ರಾಮ ಸಭೆಗಳಲ್ಲಿ ಓದಿ ಹೇಳಿದ್ದಾರೆ?

ಸಂಶೋಧನೆ, ಸಮಿತಿ, ಸೂಚ್ಯಂಕ ಅಂದರೆ ವಿಧಾನಸೌಧದ ಕೆಲಸ. ಗ್ರಾಮ ಸಭೆ, ವಾರ್ಡ್ ಸಭೆ ಅಂದರೆ ಊರಿನ ಕೆಲಸ ಎಂದು ಎರಡನ್ನೂ ಬೇರೆ ಬೇರೆ ಇಟ್ಟು ರೂಢಿಯಾಗಿದೆ. ಕಲ್ಯಾಣ ಕರ್ನಾಟಕದ ಮಟ್ಟಿಗೆ ಇವೆರಡೂ ಒಂದೇ ಹಣದ ಎರಡು ತುದಿ. ನಡುವಿನ ದಾರಿ ಮುಚ್ಚಿಹೋಗಿದೆ ಅನ್ನುವುದೇ ಇವತ್ತಿನ ಸಮಸ್ಯೆ.

ದೇವದುರ್ಗಕ್ಕೆ ಬಿದ್ದ ನಂಬರು

ಮೊದಲು ಹಳೇ ವರದಿಯನ್ನೇ ನೋಡೋಣ. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯನ್ನು ಎಸ್.ಎಂ. ಕೃಷ್ಣ ಸರ್ಕಾರ 2000ದಲ್ಲಿ ನೇಮಿಸಿತು. 2002ರ ಜೂನ್‌ನಲ್ಲಿ ವರದಿ ಬಂತು. ಆಗ ರಾಜ್ಯದಲ್ಲಿದ್ದದ್ದು 175 ತಾಲೂಕು. 35 ಬಗೆಯ ಅಂಕಿಅಂಶ ಹಿಡಿದು ಪ್ರತಿ ತಾಲೂಕಿಗೂ ಒಂದು ಒಟ್ಟು ಅಂಕ ಕೊಟ್ಟರು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದದ್ದು. ಹೀಗೆ 114 ತಾಲೂಕುಗಳು ಹಿಂದುಳಿದ ಪಟ್ಟಿಗೆ ಸೇರಿದವು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲೂಕು ಆಗಿನ ಗುಲಬರ್ಗಾ ವಿಭಾಗದವು. ಇಡೀ ರಾಜ್ಯದ ಪಟ್ಟಿಯಲ್ಲಿ ತಳದಲ್ಲಿ ನಿಂತದ್ದು ದೇವದುರ್ಗ. ಅಂಕ 0.53.

ಆ ದಿನದಿಂದ 'ರಾಜ್ಯದಲ್ಲೇ ಅತ್ಯಂತ ಹಿಂದುಳಿದ ತಾಲೂಕು' ಅನ್ನುವುದು ದೇವದುರ್ಗದ ಹೆಸರಿನ ಮುಂದಿನ ಬಿರುದಾಗಿ ಹೋಗಿದೆ. ಭಾಷಣ ಮಾಡುವವರು, ಮನವಿ ಪತ್ರ ಬರೆಯುವವರು, ಅನುದಾನ ಕೇಳುವವರು ಎಲ್ಲರೂ ಅದನ್ನೇ ಹೇಳುತ್ತಾರೆ. 0.53 ಯಾಕೆ ಬಂತು, ಶಾಲೆಗಾಗಿಯೋ, ಆಸ್ಪತ್ರೆಗಾಗಿಯೋ, ರಸ್ತೆಗಾಗಿಯೋ, ಯಾವ ಲೆಕ್ಕದಲ್ಲಿ ತಾಲೂಕು ಎಷ್ಟು ಕೆಳಗಿತ್ತು, ಈಗ ಅದರಲ್ಲಿ ಏನು ಬದಲಾಗಿದೆ ಅನ್ನುವುದು ಮಾತ್ರ ಯಾರಿಗೂ ಬಾಯಿಗೆ ಬರುವುದಿಲ್ಲ. ನಂಬರು ಊರಿಗೆ ಹಚ್ಚಿದ ಹಣೆಪಟ್ಟಿ ಆಯಿತೇ ಹೊರತು ಊರಿನ ಕೈಗೆ ಸಿಕ್ಕ ಅಳತೆಗೋಲು ಆಗಲಿಲ್ಲ.

ಆ 35 ಅಂಶಗಳನ್ನು ಊರಿನವರ ಮುಂದೆ ಇಟ್ಟಿದ್ದರೆ ಅಲ್ಲೇ ಒಳ್ಳೇ ಜಗಳ ಆಗುತ್ತಿತ್ತು, ಆಗಬೇಕಿತ್ತು ಕೂಡ. ಉದಾಹರಣೆಗೆ, ಕೃಷಿ ವಿಭಾಗದಲ್ಲಿ ರಸಗೊಬ್ಬರ ಬಳಕೆ, ಟ್ರ್ಯಾಕ್ಟರ್ ಸಂಖ್ಯೆ ಅಭಿವೃದ್ಧಿಯ ಗುರುತುಗಳಾಗಿದ್ದವು. ಹೆಚ್ಚು ಗೊಬ್ಬರ ಸುರಿದಷ್ಟೂ ತಾಲೂಕಿಗೆ ಅಂಕ ಹೆಚ್ಚು. ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಗದ್ದೆಗಳಲ್ಲಿ ಗೊಬ್ಬರ, ಔಷಧಿಗೆ ಸುರಿಯುವ ದುಡ್ಡೇ ಸಾಲದ ಮೂಲ ಅಂತ ಅಲ್ಲಿನ ಯಾವ ಸಣ್ಣ ರೈತನನ್ನು ಕೇಳಿದರೂ ಹೇಳುತ್ತಾನೆ. ಸೂಚ್ಯಂಕದ ಕಣ್ಣಿಗೆ ಅದು ಪ್ರಗತಿ.

ಕುಡಿಯುವ ನೀರಿನದ್ದೂ ಹಾಗೇ. ತಲೆಗೆ ದಿನಕ್ಕೆ 40 ಲೀಟರ್ ಅಥವಾ ಹೆಚ್ಚು ನೀರು ಸಿಗುವ ಜನವಸತಿಗಳು ಶೇಕಡಾ ಎಷ್ಟು ಅಂತ ಎಣಿಸಿದರು. ಆ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಅನ್ನುವುದಕ್ಕೆ ಅಲ್ಲಿ ಕಲಂ ಇಲ್ಲ. ಫ್ಲೋರೈಡ್ ಇರುವ ಬೋರ್‌ವೆಲ್ ನೀರು, ಹಟ್ಟಿ ಚಿನ್ನದ ಗಣಿಯ ಸುತ್ತಮುತ್ತ ಆರ್ಸೆನಿಕ್ ಇರುವ ನೀರು ಜಿಲ್ಲೆಗೆ ಹೊಸ ಸುದ್ದಿ ಏನಲ್ಲ. ನಲವತ್ತು ಲೀಟರ್ ಬಂತು, ಅಂಕ ಬಿತ್ತು, ಅಷ್ಟೇ.

ಇನ್ನು ಗುಳೆ. ಸುಗ್ಗಿ ಮುಗಿದ ಮೇಲೆ ತಾಂಡಾ, ದೊಡ್ಡಿಗಳಿಂದ ಮನೆಗೆ ಬೀಗ ಹಾಕಿಕೊಂಡು ಬೆಂಗಳೂರು, ಹೈದರಾಬಾದ್, ಪುಣೆ ಕಡೆ ಹೋಗುವ ಕುಟುಂಬಗಳು ಎಷ್ಟು ಅನ್ನುವುದು ಆ 35ರಲ್ಲಿ ಇರಲಿಲ್ಲ. ಒಂದು ಊರು ಬಡವಾಗಿದೆಯೋ ಇಲ್ಲವೋ ಅಂತ ತಿಳಿಯಲು ಫೆಬ್ರುವರಿ ತಿಂಗಳಲ್ಲಿ ಎಷ್ಟು ಮನೆಗೆ ಬೀಗ ಬಿದ್ದಿದೆ ಅಂತ ಎಣಿಸಿದರೆ ಸಾಕು ಅನ್ನುವುದು ಊರಿನವರ ಲೆಕ್ಕ. ಅದು ಅಂಕಿಅಂಶ ಇಲಾಖೆಯ ಲೆಕ್ಕಕ್ಕೆ ಇನ್ನೂ ಬಂದಿಲ್ಲ.

ಇದನ್ನೆಲ್ಲ ಹೇಳುವುದು ನಂಜುಂಡಪ್ಪ ಸಮಿತಿಯನ್ನು ತೆಗಳಲಿಕ್ಕಲ್ಲ. ತಾಲೂಕು ಮಟ್ಟಕ್ಕೆ ಇಳಿದು ಅಳೆದ ಅಂಥ ಕೆಲಸ ಅದಕ್ಕೆ ಮುಂಚೆ ರಾಜ್ಯದಲ್ಲಿ ಆಗಿರಲಿಲ್ಲ, ಆಗಿನ ಕಾಲಕ್ಕೆ ಸಿಕ್ಕ ಮಾಹಿತಿಯಲ್ಲಿ ಮಾಡಬಹುದಾದದ್ದನ್ನು ಮಾಡಿದ್ದರು. ತಕರಾರು ಇರುವುದು ಆಮೇಲಿನದ್ದರ ಬಗ್ಗೆ. ಟೆಲಿಫೋನ್, ಅಂಚೆ ಕಚೇರಿ ಎಣಿಸಿದ ಕಾಲದ ಅಳತೆಗೋಲನ್ನೇ ಇಟ್ಟುಕೊಂಡು ಮೊಬೈಲ್ ಕಾಲದಲ್ಲಿ ಹಣ ಹಂಚುತ್ತ ಬಂದದ್ದು ತಪ್ಪು. ಮಸ್ಕಿ, ಸಿರವಾರ ತಾಲೂಕುಗಳು 2002ರಲ್ಲಿ ಇರಲೇ ಇಲ್ಲ. ಅವುಗಳ ಪಾಲಿಗೆ ಸ್ವಂತ ಅಂಕವೂ ಇಲ್ಲ, ತಾಯಿ ತಾಲೂಕಿನ ಅಂಕವೇ ಗತಿ. ಜನಸಂಖ್ಯೆ ಲೆಕ್ಕ ಬೇಕೆಂದರೆ ಕೈಗೆ ಸಿಗುವುದು 2011ರದ್ದು. ಮುಂದಿನ ಜನಗಣತಿಗೆ ಆಧಾರ ದಿನ 2027ರ ಮಾರ್ಚ್ 1.

ತಾಲೂಕು ಅನ್ನುವ ಅಳತೆಯೇ ಕೆಲವು ಕಡೆ ಮೋಸ ಮಾಡುತ್ತದೆ. ನಾಲೆಯ ಮೇಲ್ಭಾಗದಲ್ಲಿ ಎರಡು ಬೆಳೆ ತೆಗೆಯುವ ಊರು, ಅದೇ ನಾಲೆಯ ಕೆಳಭಾಗದಲ್ಲಿ ನೀರಿಗಾಗಿ ಪ್ರತಿವರ್ಷ ರಸ್ತೆ ತಡೆ ಮಾಡುವ ಊರು, ಎರಡೂ ಒಂದೇ ತಾಲೂಕಿನಲ್ಲಿದ್ದರೆ ಸರಾಸರಿಯಲ್ಲಿ ಇಬ್ಬರೂ 'ಪರವಾಗಿಲ್ಲ' ಅನ್ನಿಸಿಕೊಳ್ಳುತ್ತಾರೆ. ಮಾನ್ವಿ, ಸಿರವಾರ, ರಾಯಚೂರು ತಾಲೂಕಿನ ಕೆಳಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಸಾಲು ಮಾತ್ರ ಎಲ್ಲರಿಗೂ ಗೊತ್ತು

ವರದಿಯ ಒಂದೇ ಒಂದು ಸಾಲು ರಾಯಚೂರಿನ ಮಂದಿಗೆ ಬಾಯಿಪಾಠ. ರಾಯಚೂರಿಗೆ ಐಐಟಿ ಕೊಡಬೇಕು ಅಂತ ನಂಜುಂಡಪ್ಪ ಶಿಫಾರಸು ಮಾಡಿದ್ದರು ಅನ್ನುವುದು. ಐಐಟಿ ಧಾರವಾಡಕ್ಕೆ ಹೋಯಿತು, 2016ರಲ್ಲಿ ಅಲ್ಲಿ ತರಗತಿ ಶುರುವಾದವು. ರಾಯಚೂರಿಗೆ ಸಿಕ್ಕದ್ದು ಐಐಐಟಿ, ಅದೂ 2019ರಲ್ಲಿ. ಆ ಸಿಟ್ಟು ಇನ್ನೂ ಆರಿಲ್ಲ. ಐಐಟಿ ತಪ್ಪಿತು, ಏಮ್ಸ್ ಆದರೂ ಕೊಡಿ ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಅನಿರ್ದಿಷ್ಟಾವಧಿ ಧರಣಿ ಸಾವಿರ ದಿನ ದಾಟಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ರಾಯಚೂರಿಗೇ ಏಮ್ಸ್ ಮಂಜೂರು ಮಾಡಿ ಅಂತ ಕೇಂದ್ರಕ್ಕೆ ಪತ್ರ ಬರೆಯುವಂತಾದದ್ದರ ಹಿಂದೆ ಆ ಟೆಂಟ್‌ನಲ್ಲಿ ಪಾಳಿ ಮೇಲೆ ಕೂತವರ ಛಲ ಇದೆ. ಪಕ್ಷಭೇದ ಇಲ್ಲದೆ, ಜಾತಿ ಸಂಘಗಳು, ವಕೀಲರು, ವರ್ತಕರು, ವಿದ್ಯಾರ್ಥಿಗಳು ಬಂದು ಕೂತರು. ಜಿಲ್ಲೆಯಲ್ಲಿ ಜನರ ಪಾಲ್ಗೊಳ್ಳುವಿಕೆ ಇಲ್ಲ ಅನ್ನುವವರು ಇದನ್ನು ನೋಡಬೇಕು.

ಹಂಗಾದ್ರೆ ಒಂದು ಪ್ರಶ್ನೆ ಏಳುತ್ತದೆ. ದೊಡ್ಡ ಆಸ್ಪತ್ರೆಗಾಗಿ ಸಾವಿರ ದಿನ ಕೂರುವ ಜಿಲ್ಲೆ, ತನ್ನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಹುದ್ದೆ ಎಷ್ಟು ಖಾಲಿ ಇವೆ ಅಂತ ಗ್ರಾಮ ಸಭೆಯಲ್ಲಿ ಅರ್ಧ ಗಂಟೆ ಯಾಕೆ ಕೂತು ಕೇಳುವುದಿಲ್ಲ? ವೈದ್ಯರ ಸಂಖ್ಯೆ, ಸರ್ಕಾರಿ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ ಎರಡೂ ನಂಜುಂಡಪ್ಪ ಸೂಚ್ಯಂಕದಲ್ಲಿದ್ದವೇ. ಏಮ್ಸ್ ಕೇಳುವುದು ತಪ್ಪಲ್ಲ. ವರದಿಯಲ್ಲಿ ಐಐಟಿಯ ಸಾಲು ಹೋರಾಟಕ್ಕೆ ಆಯುಧವಾಯಿತು. ವೈದ್ಯರ ಸಾಲು, ಶಾಲೆ ಬಿಟ್ಟ ಮಕ್ಕಳ ಸಾಲು ಆಗಲಿಲ್ಲ. ಒಂದು ಕಟ್ಟಡ ಕಣ್ಣಿಗೆ ಕಾಣುತ್ತದೆ, ಹೆಸರಿದೆ, ಶಂಕುಸ್ಥಾಪನೆ ಇದೆ. ಶಾಲೆ ಬಿಟ್ಟ ಮಗುವಿಗೆ ಶಂಕುಸ್ಥಾಪನೆ ಇಲ್ಲ.

371ಜೆ ಎರಡು ಮುಖ

ಇದೇ ವ್ಯತ್ಯಾಸ 371(ಜೆ) ವಿಷಯದಲ್ಲಿ ಇನ್ನೂ ಢಾಳಾಗಿ ಕಾಣುತ್ತದೆ. ವೈಜನಾಥ ಪಾಟೀಲ್ ಅಂಥವರು ದಶಕಗಳ ಕಾಲ ನಡೆಸಿದ ಹೋರಾಟದ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿ ಬಂತು, 2013ರಲ್ಲಿ ಜಾರಿಯಾಯಿತು. ಆ ವಿಧಿಯಲ್ಲಿ ಮುಖ್ಯವಾಗಿ ಎರಡು ಸಂಗತಿ ಇವೆ. ಒಂದು, ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು. ಇನ್ನೊಂದು, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮತ್ತು ಅಭಿವೃದ್ಧಿ ವೆಚ್ಚದಲ್ಲಿ ನ್ಯಾಯಯುತ ಪಾಲು; ಆ ಮಂಡಳಿಯ ಕೆಲಸದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದೆ ಇಡಬೇಕು ಅಂತ ಅಲ್ಲೇ ಬರೆದಿದೆ.

ಮೊದಲನೇ ಭಾಗ ಮನೆಮನೆ ಮುಟ್ಟಿದೆ. ಪಿಯುಸಿ ಮುಗಿಸಿದ ಮಗ, ಮಗಳು ಇರುವ ಮನೆಯಲ್ಲಿ 371ಜೆ ಸರ್ಟಿಫಿಕೇಟ್ ಅಂದರೆ ಏನು, ನಾಡಕಚೇರಿಯಲ್ಲಿ ಏನೇನು ಕಾಗದ ಕೊಡಬೇಕು, ಎಸಿ ಆಫೀಸಿನಿಂದ ಯಾವಾಗ ಬರ್ತದೆ ಅಂತ ಅಕ್ಷರ ಬಾರದ ತಾಯಿಗೂ ಗೊತ್ತು. ಈ ಭಾಗದ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು. ನೇಮಕಾತಿಯಲ್ಲಿ ಈ ಲೆಕ್ಕ ಒಂದು ಚೂರು ತಪ್ಪಿದರೂ ಕೋರ್ಟ್ ಮೆಟ್ಟಿಲು ಹತ್ತುವವರಿದ್ದಾರೆ, ಡಿಸಿ ಕಚೇರಿ ಮುಂದೆ ಕೂರುವವರಿದ್ದಾರೆ. ಅಧಿಸೂಚನೆ ಬಂದ ಸಂಜೆಯೇ ವಾಟ್ಸಾಪ್ ಗುಂಪುಗಳಲ್ಲಿ ರೋಸ್ಟರ್ ಲೆಕ್ಕ ಶುರುವಾಗುತ್ತದೆ. ಇದು ನಿಜವಾದ ನೀತಿ ಸಂಶೋಧನೆ, ಅದನ್ನು ಮಾಡುವವರು ಆ ಹೆಸರಿನಿಂದ ಕರೆಯುವುದಿಲ್ಲ ಅಷ್ಟೇ. ಬೆಂಗಳೂರಿನ ಅಧಿಕಾರಿಗಿಂತ ಚೆನ್ನಾಗಿ ಆದೇಶದ ನಂಬರು, ತಾರೀಖು ಹೇಳುವ ಹುಡುಗರು ಸಿಂಧನೂರಿನ ಲೈಬ್ರರಿಯಲ್ಲೂ ಸಿಗುತ್ತಾರೆ.

ಎರಡನೇ ಭಾಗಕ್ಕೆ ಅಂಥ ಕಾವಲು ಇಲ್ಲ. ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, 2019ರಲ್ಲಿ ಈ ಭಾಗದ ಹೆಸರು ಬದಲಾದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ವರ್ಷಕ್ಕೆ 1,500 ಕೋಟಿ ಇದ್ದ ಘೋಷಣೆ 3,000 ಕೋಟಿಗೆ ಏರಿ, 2023-24ರಿಂದ 5,000 ಕೋಟಿ ಆಗಿದೆ. ಏಳು ಜಿಲ್ಲೆ, 41 ವಿಧಾನಸಭಾ ಕ್ಷೇತ್ರ. ಈ ಹಣದಲ್ಲಿ ತಮ್ಮ ಪಂಚಾಯ್ತಿಯೊಳಗೆ ಹೋದ ವರ್ಷ ಯಾವ ಕೆಲಸ ಆಯಿತು, ಎಷ್ಟು ರೂಪಾಯಿದು, ಮುಗಿಯಿತೋ ಇಲ್ಲವೋ ಅಂತ ಕೇಳಿದರೆ ಅದೇ ಹುಡುಗರು ಸುಮ್ಮನಾಗುತ್ತಾರೆ. ಸಿಸಿ ರಸ್ತೆಯ ಪಕ್ಕ ನೆಟ್ಟ ಬೋರ್ಡ್ ನೋಡಿ 'ಕೆಕೆಆರ್‌ಡಿಬಿ ಕೆಲಸ' ಅನ್ನುವುದು ಬಿಟ್ಟರೆ ಹೆಚ್ಚಿನದು ಗೊತ್ತಿರುವುದಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸೀಟು, ನೌಕರಿ ಒಬ್ಬೊಬ್ಬರ ಹೆಸರಿನಲ್ಲಿ ಬರುತ್ತದೆ, ತಪ್ಪಿದರೆ ಒಬ್ಬೊಬ್ಬರಿಗೇ ನೋವು. ಮಂಡಳಿಯ ಹಣ ಊರಿನ ಹೆಸರಿನಲ್ಲಿ ಬರುತ್ತದೆ. ತಪ್ಪಿದರೆ ಯಾರಿಗೂ ವೈಯಕ್ತಿಕವಾಗಿ ತಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸೀಟಿನ ಲೆಕ್ಕ ಆದೇಶದಲ್ಲಿ ಬರೆದಿದೆ, ಯಾರು ಬೇಕಾದರೂ ಓದಬಹುದು. ಕಾಮಗಾರಿ ಪಟ್ಟಿ ತಯಾರಾಗುವ ಕೋಣೆಗೆ ಊರಿನವರಿಗೆ ಬಾಗಿಲೇ ಇಲ್ಲ.

ನಡುಮನೆ ಖಾಲಿ

ಬಾಗಿಲು ಇರಬೇಕಿತ್ತು. ಸಂವಿಧಾನದ 243ಜೆಡ್‌ಡಿ ವಿಧಿ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕು. ಪಂಚಾಯ್ತಿಗಳು, ನಗರಸಭೆ, ಪುರಸಭೆಗಳು ಮಾಡಿದ ಯೋಜನೆಗಳನ್ನು ಒಟ್ಟುಗೂಡಿಸಿ ಜಿಲ್ಲೆಯ ಅಭಿವೃದ್ಧಿ ಯೋಜನೆಯ ಕರಡು ಮಾಡುವುದು ಅದರ ಕೆಲಸ. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜಿಲ್ಲಾ ಪಂಚಾಯ್ತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಚುನಾಯಿತ ಸದಸ್ಯರೇ ಇರಬೇಕು.

ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯ್ತಿಗಳಿಗೆ ಕೊನೇ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ, ಕೋರ್ಟ್ ಅಂತ ದಿನ ಹೋಗಿ ವರ್ಷಗಳೇ ಹೋದವು, ಆಡಳಿತಾಧಿಕಾರಿಗಳ ಕಾಲ ಶುರುವಾಯಿತು. ಮೂರು ಪಕ್ಷಗಳ ಸರ್ಕಾರ ನೋಡಿದ ರಾಜ್ಯದಲ್ಲಿ ಇದಕ್ಕಾಗಿ ಯಾವ ಪಕ್ಷವೂ ಬೀದಿಗೆ ಇಳಿಯಲಿಲ್ಲ ಅನ್ನುವುದನ್ನು ಗಮನಿಸಬೇಕು. ಇಳಿಯುವುದಕ್ಕೆ ಕಾರಣವೂ ಇಲ್ಲ. ಜಿಲ್ಲಾ ಪಂಚಾಯ್ತಿ ಸದಸ್ಯ ಇಲ್ಲದಿದ್ದರೆ ಕ್ಷೇತ್ರದೊಳಗೆ ಶಾಸಕರೊಬ್ಬರದೇ ಮಾತು. ಗ್ರಾಮ ಪಂಚಾಯ್ತಿಗಳಿಗೂ ಚುನಾವಣೆ ಆದದ್ದು 2020ರ ಡಿಸೆಂಬರ್‌ನಲ್ಲಿ, ಐದು ವರ್ಷದ ಲೆಕ್ಕ ಅಲ್ಲಿಗೂ ಅನ್ವಯಿಸುತ್ತದೆ.

ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದ ಕಾಲದಲ್ಲಿ 1983ರ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಸಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ಇದು. 73ನೇ ತಿದ್ದುಪಡಿಗೆ ಮುಂಚಿನ ಮಾತು ಅದು. ಆ ಹೆಮ್ಮೆಯನ್ನು ಭಾಷಣದಲ್ಲಿ ಹೇಳುವವರು ಜಿಲ್ಲಾ ಪಂಚಾಯ್ತಿ ಸಭಾಂಗಣದ ಖಾಲಿ ಕುರ್ಚಿಗಳ ಬಗ್ಗೆಯೂ ಒಂದು ಮಾತು ಹೇಳಬಹುದು.

ಇದರಿಂದ ಆದ ನಷ್ಟ ಬರೀ ಪ್ರಾತಿನಿಧ್ಯದ್ದಲ್ಲ. ಗ್ರಾಮ ಸಭೆಯಲ್ಲಿ ಹುಟ್ಟಿದ ಬೇಡಿಕೆ ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ ಏರಿ ಮಂಡಳಿಯ ಕ್ರಿಯಾ ಯೋಜನೆಗೆ ಸೇರುವ ಏಣಿಯಲ್ಲಿ ನಡುವಿನ ಎರಡು ಮೆಟ್ಟಿಲೇ ಇಲ್ಲ. ಹೀಗಾಗಿ ಕೆಳಗಿನ ಬೇಡಿಕೆ ಮೇಲೆ ಹೋಗಬೇಕೆಂದರೆ ಶಾಸಕರ ಆಪ್ತ ಸಹಾಯಕರ ಮೂಲಕ ಹೋಗಬೇಕು. ಒಳ್ಳೇ ಶಾಸಕರಿದ್ದರೆ ಕೆಲಸ ಆಗುತ್ತದೆ. ಊರು ಹೋದ ಸಲ ಬೇರೆಯವರಿಗೆ ವೋಟು ಹಾಕಿದ್ದರೆ ಏನಾಗುತ್ತದೆ ಅನ್ನುವುದು ಊರಿನವರಿಗೇ ಚೆನ್ನಾಗಿ ಗೊತ್ತು.

ಹನ್ನೊಂದು ಗಂಟೆ ಸಭೆ, ಏಳು ಗಂಟೆ ಟಂಟಂ

ಹಾಗಂತ ಎಲ್ಲ ದೂರು ಮೇಲಿನವರ ಮೇಲೆ ಹಾಕಿದರೆ ಅರ್ಧ ಸತ್ಯ. ಏಣಿಯ ಕೆಳಗಿನ ಮೆಟ್ಟಿಲು ಇನ್ನೂ ಇದೆ. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ ನಡೆಯಲೇಬೇಕು. ಗ್ರಾಮ ಸಭೆಗೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಬಂದವರಲ್ಲಿ ಶೇ 30 ಮಹಿಳೆಯರಿರಬೇಕು. ನಾಲ್ಕೈದು ಸಾವಿರ ಮತದಾರರಿರುವ ಪಂಚಾಯ್ತಿಗೆ ನೂರು ಮಂದಿ ಅಂದರೆ ಏನೂ ಅಲ್ಲ. ಜಾತ್ರೆಯ ಪೂರ್ವಭಾವಿ ಸಭೆಗೇ ಅದಕ್ಕಿಂತ ಹೆಚ್ಚು ಸೇರುತ್ತಾರೆ.

ಆದರೂ ಕೋರಂ ಸಾಲದೆ ಮುಂದೂಡಿದ ಸಭೆ, ನಾಲ್ಕು ಮಂದಿ ಕೂತು ಮುಗಿಸಿ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿದ ಸಭೆ ಯಾರಿಗೂ ಹೊಸದಲ್ಲ. ನಡೆದ ಸಭೆಯಲ್ಲೂ ಬಹುಪಾಲು ಹೊತ್ತು ಹೋಗುವುದು ಮನೆ ಯಾರಿಗೆ, ದನದ ಶೆಡ್ ಯಾರಿಗೆ ಅನ್ನುವ ಫಲಾನುಭವಿ ಪಟ್ಟಿಗೆ. ಮನೆ ಇಲ್ಲದವರಿಗೆ ಮನೆಯ ಮಾತೇ ದೊಡ್ಡದು, ಅದರಲ್ಲಿ ತಪ್ಪಿಲ್ಲ. ತಪ್ಪು ಇರುವುದು ಊರಿನವರಿಗೆ ಅದು ಬಿಟ್ಟು ಬೇರೆ ಏನನ್ನೂ ಕೇಳುವ ಅವಕಾಶ ಇದೆ ಅಂತ ತೋರಿಸದೇ ಇರುವುದರಲ್ಲಿ.

ಸಭೆಯ ಹೊತ್ತನ್ನೇ ನೋಡಿ. ನೋಡಲ್ ಅಧಿಕಾರಿ ತಾಲೂಕಿನಿಂದ ಬರಬೇಕು, ಹೀಗಾಗಿ ಹನ್ನೊಂದು ಗಂಟೆ. ಹತ್ತಿ ಬಿಡಿಸಲು, ಭತ್ತ ನಾಟಿಗೆ, ಮೆಣಸಿನಕಾಯಿ ಹರಿಯಲು ಹೋಗುವ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂ ಬೆಳಿಗ್ಗೆ ಏಳಕ್ಕೇ ಊರು ಬಿಟ್ಟಿರುತ್ತದೆ. ಕೂಲಿ ಬಿಟ್ಟು ಸಭೆಗೆ ಬಾ ಅಂತ ಹೇಳುವುದು ಸುಲಭ. ಕತ್ತಲಾದ ಮೇಲೆ, ಊಟ ಮುಗಿಸಿ ಕೂರುವ ಹೊತ್ತಿಗೆ ವಾರ್ಡ್ ಸಭೆ ಇಟ್ಟರೆ ಶೇ 30ರ ನಿಯಮಕ್ಕೆ ಯಾರೂ ಒದ್ದಾಡಬೇಕಿಲ್ಲ.

ಊರಲ್ಲೇ ಇರುವ ಸಂಶೋಧನೆ

ಪ್ರಾದೇಶಿಕ ಸಂಶೋಧನೆಗೆ ಮಾಹಿತಿ ಇಲ್ಲ ಅನ್ನುವುದು ಇನ್ನೊಂದು ಸವಕಲು ಮಾತು. ಮಾಹಿತಿ ರಾಶಿ ಬಿದ್ದಿದೆ. ಅಂಗನವಾಡಿ ಕಾರ್ಯಕರ್ತೆಯ ರಿಜಿಸ್ಟರ್‌ನಲ್ಲಿ ಪ್ರತಿ ಮನೆಯ ಲೆಕ್ಕ ಇದೆ, ಯಾವ ಮಗುವಿನ ತೂಕ ಎಷ್ಟು, ಯಾವ ಕುಟುಂಬ ಗುಳೆ ಹೋಗಿದೆ ಅನ್ನುವುದು ಅವಳಿಗೆ ಗೊತ್ತು. ಆಶಾ ಕಾರ್ಯಕರ್ತೆಗೆ ಯಾವ ಗರ್ಭಿಣಿಗೆ ರಕ್ತಹೀನತೆ ಇದೆ ಅಂತ ಗೊತ್ತು. ಮುಖ್ಯೋಪಾಧ್ಯಾಯರಿಗೆ ದೀಪಾವಳಿ ನಂತರ ಯಾರು ಶಾಲೆಗೆ ಬರುವುದಿಲ್ಲ ಅಂತ ಗೊತ್ತು. ಈ ಮೂವರ ಲೆಕ್ಕವೂ ಮೂರು ಇಲಾಖೆಯ ಆ್ಯಪ್ ಮೂಲಕ ಮೂರು ದಾರಿಯಲ್ಲಿ ಬೆಂಗಳೂರಿಗೆ ಹೋಗುತ್ತದೆ. ಪಕ್ಕದ ಪಂಚಾಯ್ತಿ ಕಟ್ಟಡಕ್ಕೆ ಬರುವುದಿಲ್ಲ.

ರಾಯಚೂರು ಕೃಷಿ ವಿಶ್ವವಿದ್ಯಾಲಯದಂಥ ಕಡೆ ಬಿ.ಎಸ್ಸಿ. ಕೃಷಿ ಅಂತಿಮ ವರ್ಷದ ಹುಡುಗ ಹುಡುಗಿಯರು ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಗಳಲ್ಲಿ ಬಂದು ಉಳಿಯುತ್ತಾರೆ. ಊರಿನವರನ್ನು ಕೂರಿಸಿಕೊಂಡು ಗುಡಿ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ: ಕೆರೆ ಎಲ್ಲಿ, ಬೋರ್‌ವೆಲ್ ಎಲ್ಲಿ, ಯಾವ ಓಣಿಗೆ ಚರಂಡಿ ಇಲ್ಲ, ಯಾವ ಹೊಲ ಸವಳು ಹಿಡಿದಿದೆ. ಮುದುಕರು ಬಂದು 'ಅದು ಅಲ್ಲಲ್ಲ, ಹಳ್ಳ ಈ ಕಡೆ ತಿರುಗ್ತದ' ಅಂತ ತಿದ್ದುತ್ತಾರೆ. ಒಂದು ಊರಿನ ಬಗ್ಗೆ ಅದಕ್ಕಿಂತ ಒಳ್ಳೇ ಯೋಜನಾ ದಾಖಲೆ ಸಿಗುವುದು ಕಷ್ಟ. ಅದರ ಫೋಟೋ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕಕ್ಕೆ ಅಂಟುತ್ತದೆ, ಅಂಕ ಬೀಳುತ್ತದೆ. ಅದರ ಒಂದು ಪ್ರತಿಯನ್ನು ಪಿಡಿಒ ಕೈಗೆ ಕೊಟ್ಟು ನಡಾವಳಿಗೆ ಸೇರಿಸಲು ಹೊಸ ಕಾನೂನು ಬೇಕಿಲ್ಲ, ಒಂದು ಠರಾವು ಸಾಕು.

ಮಕ್ಕಳ ಗ್ರಾಮ ಸಭೆಗಳು ಇದಕ್ಕೆ ಇನ್ನೊಂದು ಸಾಕ್ಷಿ. ಕುಂದಾಪುರ ಕಡೆಯ ಮಕ್ಕಳ ಪಂಚಾಯ್ತಿ ಪ್ರಯೋಗದಿಂದ ಬೆಳೆದು ರಾಜ್ಯಕ್ಕೆಲ್ಲ ಹಬ್ಬಿದ್ದು ಇದು. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಬಸ್ ನಿಲ್ಲಿಸುವುದಿಲ್ಲ, ಶಾಲೆ ಪಕ್ಕ ಸಾರಾಯಿ ಮಾರುತ್ತಾರೆ ಅಂತ ಎದ್ದು ನಿಂತು ಹೇಳುವುದರಲ್ಲಿ ಮಕ್ಕಳು ದೊಡ್ಡವರಿಗಿಂತ ಮುಂದು. ಹಿಂದಿನ ಸಭೆಯಲ್ಲಿ ನಾವು ಕೇಳಿದ್ದು ಏನಾಯಿತು ಅಂತಲೂ ಕೇಳುತ್ತಾರೆ. ಆ ಪ್ರಶ್ನೆ ದೊಡ್ಡವರ ಸಭೆಯಲ್ಲಿ ಅಪರೂಪ.

ಕೇರಳದ ಮಾತು ಬಂದಾಗೆಲ್ಲ 'ಅಲ್ಲಿ ಸಾಕ್ಷರತೆ ಇದೆ' ಅಂತ ತಳ್ಳಿಹಾಕುವುದುಂಟು. 1996ರಲ್ಲಿ ಅಲ್ಲಿ ಜನತಾ ಯೋಜನೆ ಶುರು ಮಾಡಿದಾಗ ರಾಜ್ಯ ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಜೊತೆಗೇ ಪ್ರತಿ ಪಂಚಾಯ್ತಿಯೂ ತನ್ನ ಊರಿನ ಅಭಿವೃದ್ಧಿ ವರದಿಯನ್ನು ತಾನೇ ಬರೆಯಬೇಕು ಅಂದರು. ನಿವೃತ್ತ ಮೇಷ್ಟ್ರು, ಎಂಜಿನಿಯರ್‌ಗಳು, ಕಾಲೇಜು ಹುಡುಗರು ಸೇರಿ ಬರೆದರು. ಹಣ, ವರದಿ ಎರಡೂ ಒಟ್ಟಿಗೆ ಕೆಳಗಿಳಿದವು ಅನ್ನುವುದೇ ಅಲ್ಲಿನ ಗುಟ್ಟು. ಇಲ್ಲಿ ಹಣದ ಪಟ್ಟಿ ಮೇಲೆ ಉಳಿಯಿತು, ವರದಿಯೂ ಮೇಲೇ ಉಳಿಯಿತು.

ಹೊಸ ವರದಿಗೆ ಕೇಳಬೇಕಾದದ್ದು

ಈ ಹಿನ್ನೆಲೆಯಲ್ಲಿ ಗೋವಿಂದ ರಾವ್ ಸಮಿತಿಯ ಲೆಕ್ಕದಲ್ಲಿ ರಾಯಚೂರಿಗೆ ಎಷ್ಟನೇ ಸ್ಥಾನ ಅನ್ನುವುದು ಸುದ್ದಿಯ ತಲೆಬರಹಕ್ಕೆ ಸರಿ. 2005ರ ರಾಜ್ಯ ಮಾನವ ಅಭಿವೃದ್ಧಿ ವರದಿಯಲ್ಲಿ ಜಿಲ್ಲೆ ಕಡೇ ಸ್ಥಾನದಲ್ಲಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಯಾದಗಿರಿ ಜೊತೆ ರಾಯಚೂರನ್ನೂ ಮಹತ್ವಾಕಾಂಕ್ಷೆ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಸ್ಥಾನ ತಿಳಿಸುವ ಪಟ್ಟಿಗಳಿಗೆ ಕೊರತೆ ಏನೂ ಆಗಿಲ್ಲ.

ನಂಜುಂಡಪ್ಪ ವರದಿ ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಹೇಳಿತ್ತು, 2003-04ರಿಂದ ಶುರುವಾಗಬೇಕಿತ್ತು. ಬಜೆಟ್‌ನಲ್ಲಿ ಆ ಹೆಸರಿನ ಹಣ ಕಾಣಿಸಿದ್ದು 2007-08ರಲ್ಲಿ. ನಾಲ್ಕು ವರ್ಷ ತಡವಾದರೂ ಹಳ್ಳಿಯಲ್ಲಿ ಯಾರೂ ಕೇಳಲಿಲ್ಲ, ಯಾಕೆಂದರೆ ತಮ್ಮ ತಾಲೂಕಿಗೆ ಏನು ಬರಬೇಕಿತ್ತು ಅಂತ ಹಳ್ಳಿಗೆ ಯಾರೂ ಹೇಳಿರಲಿಲ್ಲ. ಹೊಸ ವರದಿಗೂ ಅದೇ ಗತಿ ಬರಬಾರದು ಅಂದರೆ ಅದು ಕನ್ನಡದಲ್ಲಿ, ತಾಲೂಕುವಾರು ಬಿಡಿಸಿ, ನಾಲ್ಕು ಪುಟದಲ್ಲಿ ಪ್ರತಿ ಪಂಚಾಯ್ತಿಯ ಅರಿವು ಕೇಂದ್ರಕ್ಕೆ ಬರಬೇಕು. ತಾಲೂಕಿನ ಸರಾಸರಿ ಜೊತೆಗೆ ಪಂಚಾಯ್ತಿಯ ಅಂಕಿಯೂ ಅದರಲ್ಲಿ ಇರಬೇಕು. ಇಷ್ಟು ಕೇಳುವುದು ಜಿಲ್ಲೆಯ ಸಂಘಟನೆಗಳಿಗೆ ದೊಡ್ಡ ಕೆಲಸವಲ್ಲ. ಐಐಟಿ, ಏಮ್ಸ್ ಮನವಿ ಪತ್ರದಲ್ಲೇ ಇನ್ನೊಂದು ಸಾಲು ಸೇರಿಸಿದರೆ ಆಯಿತು.

ಮಂಡಳಿ ಹಣದ ಲೆಕ್ಕಕ್ಕೆ ಅಷ್ಟೂ ಕಾಯಬೇಕಿಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, ಇದು ರಾಜ್ಯದ ನಿಯಮ. ಕೇಳಬೇಕಾದದ್ದೂ ಅಷ್ಟೇ: ಹೋದ ಮೂರು ವರ್ಷದಲ್ಲಿ ಇಂಥ ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಮಂಡಳಿ ಅನುದಾನದಲ್ಲಿ ಮಂಜೂರಾದ ಕಾಮಗಾರಿ, ಮೊತ್ತ, ಗುತ್ತಿಗೆದಾರರ ಹೆಸರು, ಈಗಿನ ಹಂತ. ಬಂದ ಉತ್ತರವನ್ನು ಮುಂದಿನ ವಾರ್ಡ್ ಸಭೆಯಲ್ಲಿ ಜೋರಾಗಿ ಓದಿಸಿ, ಓದಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ರೋಸ್ಟರ್ ಲೆಕ್ಕ ಹಾಕುವ ಹುಡುಗರಿಗೆ ಇದು ಒಂದು ಸಂಜೆಯ ಕೆಲಸ.